ಪೀಣ್ಯದ ಬೋಲ್ಟು ಅಮೆರಿಕದ ಭದ್ರತೆಗೆ ಅಪಾಯವೇ?

2025ರಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ ಹಾಕಿದ 50 ಪರ್ಸೆಂಟ್ ಸುಂಕ ಒಂದಲ್ಲ, ಎರಡು. ಟಿವಿ ಪರದೆಯ ಮೇಲೆ ಎರಡೂ ಒಂದೇ ಥರ ಕೆಂಪು ಅಕ್ಷರದಲ್ಲಿ ಬಂದು ಹೋಗುತ್ತಿದ್ದವು. ಹಾಗಾಗಿ ಬಹಳ ಜನ ಒಂದೇ ಅಂದುಕೊಂಡಿದ್ದಾರೆ. ಆಗಸ್ಟ್ 27ಕ್ಕೆ ಪೂರ್ತಿ ಜಾರಿಯಾದದ್ದು ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಅನ್ನೋ ಸಿಟ್ಟಿನ ಸುಂಕ: 25ರ ಮೇಲೆ ಇನ್ನೊಂದು 25. ಅದರ ಗಲಾಟೆ ನಿಮಗೆ ನೆನಪಿದೆ. ಆದರೆ ಜೂನ್ 4ರಂದೇ ಇನ್ನೊಂದು 50 ಬಂದು ಕೂತಾಗಿತ್ತು. ಅದು ಉಕ್ಕು ಮತ್ತು ಅಲ್ಯೂಮಿನಿಯಂ ಮೇಲೆ. ಅದು ನಮಗೊಬ್ಬರಿಗೇ ಅಲ್ಲ, ಹೆಚ್ಚೂಕಡಿಮೆ ಇಡೀ ಜಗತ್ತಿಗೆ. ಬ್ರಿಟನ್ನಿಗೆ ಮಾತ್ರ 25ರಲ್ಲೇ ಬಿಟ್ಟರು. ಅದಕ್ಕೆ ಕೊಟ್ಟ ಕಾರಣ ಸಿಟ್ಟೂ ಅಲ್ಲ, ವ್ಯಾಪಾರದ ಲೆಕ್ಕವೂ ಅಲ್ಲ. 'ರಾಷ್ಟ್ರೀಯ ಭದ್ರತೆ'.

ಯಶವಂತಪುರ ದಾಟಿ, ಗೊರಗುಂಟೆಪಾಳ್ಯದ ಟ್ರಾಫಿಕ್ಕನ್ನೂ ದಾಟಿದರೆ ಪೀಣ್ಯ. ಅಲ್ಲಿನ ಶೆಡ್ಡುಗಳಲ್ಲಿ ತಯಾರಾಗುವುದು ಬೋಲ್ಟು, ಫ್ಲೇಂಜು, ಪಂಪಿನ ಬಾಡಿ, ಗೇರು, ವಾಲ್ವು. ಇವು ಅಮೆರಿಕದ ಭದ್ರತೆಗೆ ಅಪಾಯವಂತೆ! ನಗು ಬರುತ್ತದೆ, ನಿಜ. ಆದರೆ ಒಂದು ವಿಷಯ ನೋಡಿ. ಯಲಹಂಕದ ವಾಯುನೆಲೆ ಬಿಡಿ, ಜಾಲಹಳ್ಳಿಯ ಬಿಇಎಲ್, ಎಚ್‌ಎಂಟಿ, ಯಲಹಂಕದ ರೈಲ್ವೆ ಗಾಲಿ ಕಾರ್ಖಾನೆ, ಇವೆಲ್ಲ ಹುಟ್ಟಿದ್ದೂ 'ಹೊರಗಿನವರನ್ನು ನಂಬಿ ಕೂರಬಾರದು' ಅನ್ನೋ ಮಾತಿನಿಂದಲೇ. ಹಾಗಾಗಿ ಆ ಮಾತೇ ಸುಳ್ಳು ಅಂತ ಉತ್ತರ ಬೆಂಗಳೂರಿನವರು ಹೇಳೋ ಹಾಗಿಲ್ಲ. ಆ ಮಾತು ಹೇಳಿ ಆಮೇಲೆ ಏನು ಮಾಡಿದರು, ಅದರ ಬಿಲ್ಲು ಯಾರ ಕೈಗೆ ಬಂತು, ಇಷ್ಟನ್ನು ಕೇಳಬಹುದು.

ಕಾನೂನಿನಿಂದ ಶುರು ಮಾಡೋಣ. ಅದರ ಹೆಸರು ಟ್ರೇಡ್ ಎಕ್ಸ್‌ಪಾನ್ಶನ್ ಆಕ್ಟ್, ಅಂದರೆ ವ್ಯಾಪಾರ ವಿಸ್ತರಣಾ ಕಾಯ್ದೆ. ಹೆಸರು ವಿಸ್ತರಣೆ, ಹೊಟ್ಟೆಯೊಳಗೆ ಬೀಗ. ಅಧ್ಯಕ್ಷ ಕೆನಡಿ ಅದಕ್ಕೆ ಸಹಿ ಹಾಕಿದ್ದು 1962ರ ಅಕ್ಟೋಬರ್ 11ಕ್ಕೆ. ಅದಾಗಿ ಒಂಬತ್ತು ದಿನಕ್ಕೆ ಚೀನಾ ನಮ್ಮ ಗಡಿ ದಾಟಿ ಬಂತು. ಅದೇ ವರ್ಷ ಇಲ್ಲಿ ತುಮಕೂರು ರಸ್ತೆಯಲ್ಲಿ ಯಂತ್ರ ತಯಾರಿಕೆಯ ಸಂಶೋಧನೆಗೆ ಇಂದಿನ ಸಿಎಂಟಿಐ ಸಂಸ್ಥೆ ಹುಟ್ಟಿತು. ಕಾಕತಾಳೀಯ, ಬೇರೇನೂ ಅರ್ಥ ಹುಡುಕಬೇಡಿ.

ಆ ಕಾಯ್ದೆಯ 232ನೇ ಸೆಕ್ಷನ್ ಹೇಳುವುದಿಷ್ಟು: ಯಾವುದಾದರೂ ಆಮದು ದೇಶದ ಭದ್ರತೆಗೆ ಧಕ್ಕೆ ತರುವಂತಿದೆಯೇ ಅಂತ ವಾಣಿಜ್ಯ ಇಲಾಖೆ 270 ದಿನದೊಳಗೆ ತನಿಖೆ ಮುಗಿಸಬೇಕು. ಹೌದು ಅಂತ ವರದಿ ಬಂದರೆ ಅಧ್ಯಕ್ಷರು 90 ದಿನದೊಳಗೆ ತೀರ್ಮಾನ ಮಾಡಬೇಕು. ಸುಂಕ ಎಷ್ಟಿರಬೇಕು ಅನ್ನೋದಕ್ಕೆ ಮಿತಿ ಇಲ್ಲ. ಎಷ್ಟು ವರ್ಷ ಅನ್ನೋದಕ್ಕೂ ಮಿತಿ ಇಲ್ಲ. ಸಂಸತ್ತಿನಲ್ಲಿ ಮತಕ್ಕೆ ಹಾಕಬೇಕಾಗಿಲ್ಲ. ಭದ್ರತೆ ಅಂದರೆ ಯುದ್ಧವೇ ಆಗಬೇಕು ಅಂತಲೂ ಇಲ್ಲ, ದೇಶದ ಆರ್ಥಿಕ ಸ್ಥಿತಿಯೂ ಅದರಲ್ಲಿ ಸೇರುತ್ತದೆ. ಇಷ್ಟು ಅಗಲದ ಬಾಗಿಲಲ್ಲಿ ಲಾರಿ ಏನು, ರೈಲೂ ನುಗ್ಗಬಹುದು.

ಈ ಬಾಗಿಲಿನಿಂದ ಏನೇನು ಆಗುತ್ತದೆ ಅಂತ ನೋಡೋಕೆ ಒಳ್ಳೇ ಕಥೆ ಎಣ್ಣೆಯದು. ಅದು ನಡೆದದ್ದು ಈ ಕಾಯ್ದೆಗಿಂತ ಸ್ವಲ್ಪ ಮುಂಚೆ, ಇದರ ಅಣ್ಣನಂಥ ಹಳೇ ಕಾನೂನಿನ ಕೆಳಗೆ. 1959ರ ಮಾರ್ಚಲ್ಲಿ ಅಧ್ಯಕ್ಷ ಐಸೆನ್‌ಹೋವರ್ ವಿದೇಶಿ ಎಣ್ಣೆಗೆ ಕೋಟಾ ಹಾಕಿದರು. ಅಗ್ಗದ ವಿದೇಶಿ ಎಣ್ಣೆ ಬಂದು ನಮ್ಮ ಬಾವಿಗಳು ಮುಚ್ಚಿದರೆ, ನಾಳೆ ಯುದ್ಧವಾದಾಗ ಎಣ್ಣೆಗೆ ಎಲ್ಲಿಗೆ ಹೋಗೋದು ಅನ್ನೋದು ವಾದ. ಕೇಳೋಕೆ ಸರಿಯಾಗೇ ಇದೆ. ಕೆನಡಾ, ಮೆಕ್ಸಿಕೊಗಳಿಂದ ಭೂಮಾರ್ಗದಲ್ಲಿ ಬರುವ ಎಣ್ಣೆಗೆ ಮಾತ್ರ ವಿನಾಯಿತಿ ಕೊಟ್ಟರು, ಯುದ್ಧದಲ್ಲಿ ಜಲಾಂತರ್ಗಾಮಿಗಳ ಭಯ ಅದಕ್ಕಿಲ್ಲ ಅಂತ.

ಆಗ ಏನಾಯ್ತು ಗೊತ್ತಾ? ಮೆಕ್ಸಿಕೊದಿಂದ ಅಮೆರಿಕದ ಮಾರುಕಟ್ಟೆಗೆ ಎಣ್ಣೆ ಬರುತ್ತಿದ್ದದ್ದು ಹಡಗಿನಲ್ಲಿ. ಹಡಗಲ್ಲಿ ಬಂದರೆ ಕೋಟಾ. ಅದಕ್ಕೆ ಟೆಕ್ಸಾಸ್‌ನ ಬ್ರೌನ್ಸ್‌ವಿಲ್ ಬಂದರಿನಲ್ಲಿ ಆ ಎಣ್ಣೆಯನ್ನು ಹಡಗಿಂದ ಇಳಿಸಿ ಲಾರಿಗೆ ತುಂಬೋರು. ಲಾರಿ ಗಡಿ ದಾಟಿ ಮೆಕ್ಸಿಕೊದೊಳಗೆ ಹೋಗಿ, ಯೂ ಟರ್ನ್ ಹೊಡೆದು, ವಾಪಸ್ ಅಮೆರಿಕಕ್ಕೆ ಬರೋದು. ಈಗ ಅದು 'ಭೂಮಾರ್ಗದಲ್ಲಿ ಬಂದ' ಎಣ್ಣೆ! ಹೆಬ್ಬಾಳ ಫ್ಲೈಓವರ್ ಕೆಳಗೆ ದಿನಾ ಯೂ ಟರ್ನ್ ಹುಡುಕುವ ನಮಗೆ ಇದು ಬೇಗ ಅರ್ಥವಾಗುತ್ತೆ. ಇದು ಗುಟ್ಟಾಗಿ ನಡೆದದ್ದೂ ಅಲ್ಲ, ವರ್ಷಗಟ್ಟಲೆ ರಾಜಾರೋಷವಾಗಿ ನಡೆಯಿತು.

ನಗುವ ಭಾಗ ಅಷ್ಟೇ. ಪೆಟ್ಟು ಬಿದ್ದದ್ದು ವೆನೆಜುವೆಲಾಕ್ಕೆ. ಎರಡನೇ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳಿಗೆ ಎಣ್ಣೆ ಕೊಟ್ಟ ದೇಶ ಅದು. ಅಲ್ಲಿನ ಎಣ್ಣೆ ಸಚಿವ ಹುವಾನ್ ಪಾಬ್ಲೊ ಪೆರೆಜ್ ಅಲ್ಫೊನ್ಸೊ ವಾಷಿಂಗ್ಟನ್ನಿಗೆ ಹೋಗಿ ನಮಗೂ ಒಂದು ಪಾಲು ಕೊಡಿ ಅಂತ ಕೇಳಿದರು. ಬಾಗಿಲು ತೆರೆಯಲಿಲ್ಲ. ಅಲ್ಲಿಂದ ಅವರು ತಿರುಗಿದ್ದು ಕೈರೋ ಕಡೆಗೆ, ಅರಬ್ ದೇಶಗಳ ಕಡೆಗೆ. ಅದೇ ಹೊತ್ತಿಗೆ ದೊಡ್ಡ ಎಣ್ಣೆ ಕಂಪನಿಗಳು ಬೆಲೆ ಇಳಿಸಿ ಇನ್ನಷ್ಟು ಉಪ್ಪು ಸವರಿದವು. 1960ರ ಸೆಪ್ಟೆಂಬರಲ್ಲಿ ಬಾಗ್ದಾದ್‌ನಲ್ಲಿ ಐದು ದೇಶ ಸೇರಿ ಕಟ್ಟಿದ ಸಂಘವೇ ಒಪೆಕ್. ಅದಕ್ಕೆ ಕೋಟಾ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ, ಆದರೆ ಕೋಟಾ ಇಲ್ಲದಿದ್ದರೆ ವೆನೆಜುವೆಲಾ ಅಷ್ಟು ದೂರ ಹೋಗುವ ಅಗತ್ಯ ಇರಲಿಲ್ಲ. ಇತ್ತ ಹದಿನಾಲ್ಕು ವರ್ಷ ಅಮೆರಿಕ 'ಭದ್ರತೆಗಾಗಿ' ತನ್ನದೇ ನೆಲದ ಎಣ್ಣೆಯನ್ನು ಮೊದಲು ಖಾಲಿ ಮಾಡಿಕೊಂಡಿತು. 1973ರ ಏಪ್ರಿಲಲ್ಲಿ ನಿಕ್ಸನ್ ಕೋಟಾ ತೆಗೆದರು. ಆರೇ ತಿಂಗಳಿಗೆ, ಅಕ್ಟೋಬರಲ್ಲಿ, ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದವು. ಬ್ಯಾರೆಲ್ಲಿಗೆ 3 ಡಾಲರ್ ಆಸುಪಾಸಿನಲ್ಲಿದ್ದ ಎಣ್ಣೆ 11 ಡಾಲರ್ ದಾಟಿತು. ಭಾರತವೂ ಆ ಬೆಲೆಯನ್ನು ತೆತ್ತಿತು.

ಈ ಎರಡು ಪದ ಅಮೆರಿಕದ ಸ್ವತ್ತಲ್ಲ. 1975ರಲ್ಲಿ ಸ್ವೀಡನ್ ಶೂಗಳ ಆಮದಿಗೆ ಕೋಟಾ ಹಾಕಿ, ಯುದ್ಧ ಬಂದರೆ ಸೈನಿಕರ ಕಾಲಿಗೆ ಬೂಟು ಬೇಕಲ್ಲ ಅಂತು. ಉಳಿದ ದೇಶಗಳು ಮುಖ ಮುಖ ನೋಡಿಕೊಂಡವು. ಎರಡು ವರ್ಷದಲ್ಲಿ ಚರ್ಮದ ಮತ್ತು ಪ್ಲಾಸ್ಟಿಕ್ ಶೂಗಳ ಮೇಲಿನ ಕೋಟಾವನ್ನು ಸ್ವೀಡನ್ನೇ ತೆಗೆಯಿತು. 1986ರಲ್ಲಿ ರೇಗನ್ ಸರ್ಕಾರ ಇದೇ ಕಾರಣ ಮುಂದಿಟ್ಟು ಲೇಥ್, ಮಿಲ್ಲಿಂಗ್ ಯಂತ್ರಗಳ ರಫ್ತನ್ನು 'ನೀವಾಗೇ ಕಡಿಮೆ ಮಾಡಿ' ಅಂತ ನಾಲ್ಕು ದೇಶಗಳಿಗೆ ಹೇಳಿತು. ಜಪಾನ್, ತೈವಾನ್ ಒಪ್ಪಿದವು. ಪಶ್ಚಿಮ ಜರ್ಮನಿ, ಸ್ವಿಟ್ಜರ್ಲೆಂಡ್ ಒಪ್ಪಲಿಲ್ಲ. ನಾಲ್ಕೂ ಅಮೆರಿಕಕ್ಕೆ ಬೇಕಾದವರೇ ಅನ್ನೋದನ್ನು ಗಮನಿಸಿ.

ಈಗ 2018ಕ್ಕೆ ಬರೋಣ. ಮಾರ್ಚ್ 8ರಂದು ಟ್ರಂಪ್ ಉಕ್ಕಿಗೆ 25, ಅಲ್ಯೂಮಿನಿಯಂಗೆ 10 ಪರ್ಸೆಂಟ್ ಸುಂಕದ ಆದೇಶಕ್ಕೆ ಸಹಿ ಹಾಕಿದರು. ಅದಕ್ಕೂ ಮುಂಚೆ ಅವರದೇ ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಮ್ಯಾಟಿಸ್ ಒಂದು ಪತ್ರ ಬರೆದಿದ್ದರು. ಸೇನೆಗೆ ಬೇಕಾಗುವುದು ಅಮೆರಿಕದ ಉಕ್ಕು, ಅಲ್ಯೂಮಿನಿಯಂ ಉತ್ಪಾದನೆಯಲ್ಲಿ ತಲಾ ಸುಮಾರು 3 ಪರ್ಸೆಂಟ್ ಅಷ್ಟೇ, ನನ್ನ ಚಿಂತೆ ಮಿತ್ರದೇಶಗಳ ಮೇಲಾಗುವ ಪರಿಣಾಮದ್ದು ಅನ್ನೋದು ಅದರ ತಾತ್ಪರ್ಯ. ಸೇನೆ ನಡೆಸುವವರೇ ಹೀಗೆ ಬರೆದ ಮೇಲೂ ಸೇನೆಯ ಹೆಸರಲ್ಲೇ ಸುಂಕ ಬಂತು. ಪಕ್ಕದ ಕೆನಡಾಕ್ಕೂ ಬಂತು, ನ್ಯಾಟೋ ಗೆಳೆಯರಿಗೂ ಬಂತು.

ಭಾರತ ಏನು ಮಾಡಿತು? ಒಂದು ವರ್ಷ ಮುಯ್ಯಿ ಸುಂಕ ಘೋಷಿಸುತ್ತಾ, ಮುಂದೂಡುತ್ತಾ ಇತ್ತು. 2019ರ ಜೂನ್ 5ಕ್ಕೆ ಅಮೆರಿಕ ನಮಗಿದ್ದ ಜಿಎಸ್‌ಪಿ ರಿಯಾಯಿತಿಯನ್ನೂ ಕಿತ್ತುಕೊಂಡಿತು. ಜೂನ್ 16ಕ್ಕೆ ನಾವು 28 ವಸ್ತುಗಳ ಮೇಲೆ ಸುಂಕ ಏರಿಸಿದೆವು. ಬಾದಾಮಿ, ಅಕ್ರೋಟ್, ಕಡಲೆ, ಮಸೂರ, ಸೇಬು. ಸೇಬಿನ ಸುಂಕ 50ರಿಂದ 70ಕ್ಕೆ ಹೋಯಿತು. ಇದನ್ನು ಯಶವಂತಪುರ ಮಾರ್ಕೆಟ್ಟಿನಲ್ಲಿ ಕಾಳು ತೂಗುವವರ ಕಡೆಯಿಂದ ನೋಡಿ. ಪಿಟ್ಸ್‌ಬರ್ಗ್‌ನ ಉಕ್ಕಿಗೂ ಮಸೂರ ಬೇಳೆಗೂ ಏನು ಸಂಬಂಧ? ಅಥವಾ ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೇಬಿನ ತೋಟದವರ ಕಡೆಯಿಂದ ನೋಡಿ. ಅವರಿಗೆ ಭಾರತ ಬೆಳೆಯುತ್ತಿದ್ದ ಮಾರುಕಟ್ಟೆ, ಅದು ಕಣ್ಣೆದುರೇ ಕುಸಿಯಿತು. ಸುಂಕ ಹಾಕಿದವರು ಒಬ್ಬರು, ಹಾಕಿಸಿಕೊಂಡವರು ಇನ್ನೊಬ್ಬರು, ಕಟ್ಟಿದವರು ಮೂರನೆಯವರು. ನಾಲ್ಕು ವರ್ಷ ಕಳೆದು, 2023ರ ಜೂನಲ್ಲಿ ಮೋದಿಯವರ ಅಮೆರಿಕ ಭೇಟಿಯ ಹೊತ್ತಿಗೆ, ವಿಶ್ವ ವ್ಯಾಪಾರ ಸಂಸ್ಥೆಯಲ್ಲಿದ್ದ ಆರು ವ್ಯಾಜ್ಯ ರಾಜಿಯಾಗಿ ಈ ಹೆಚ್ಚುವರಿ ಸುಂಕ ಹೋಯಿತು.

ಆ ಸಂಸ್ಥೆಯ ಕಥೆಯನ್ನೂ ಹೇಳಿಬಿಡುತ್ತೇನೆ. 2022ರ ಡಿಸೆಂಬರ್ 9ರಂದು ಅದರ ಸಮಿತಿ, ಚೀನಾ, ನಾರ್ವೆ, ಸ್ವಿಟ್ಜರ್ಲೆಂಡ್, ಟರ್ಕಿ ತಂದ ದೂರುಗಳಲ್ಲಿ, ಇದು ನಿಯಮಬಾಹಿರ ಅಂದಿತು. ಭದ್ರತೆಯ ವಿನಾಯಿತಿ ಇರುವುದು ಯುದ್ಧ ಅಥವಾ ಅಂಥ ತುರ್ತು ಸ್ಥಿತಿಗೆ, ಇಲ್ಲಿ ಅದಿಲ್ಲ ಅಂತ. ಅಮೆರಿಕದ ಉತ್ತರ: ನಮ್ಮ ಭದ್ರತೆ ಏನು ಅಂತ ತೀರ್ಮಾನಿಸೋಕೆ ನೀವ್ಯಾರು? ಅಲ್ಲಿಗೆ ಮುಗಿಯಿತು. ಮೇಲ್ಮನವಿ ಪೀಠ 2019ರಿಂದಲೇ ಬಾಗಿಲು ಹಾಕಿಕೊಂಡಿದೆ.

ಇಷ್ಟು ಹೇಳಿ ನಿಲ್ಲಿಸಿದರೆ ಅಮೆರಿಕ ಖಳನಾಯಕ, ನಾವು ಪಾಪ ಅನ್ನೋ ಎಪಿಸೋಡ್ ಆಗುತ್ತೆ. ಟಿಆರ್‌ಪಿಗೂ ಒಳ್ಳೇದು. ಆದರೆ ನಮ್ಮದೂ ಒಂದು ಭದ್ರತಾ ಸುಂಕ ಇದೆ, ಅದು ಅಮೆರಿಕದ್ದಕ್ಕಿಂತ ನಾಲ್ಕು ಪಟ್ಟು. 2019ರ ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಹುತಾತ್ಮರಾದರು. ನಮ್ಮ ಮದ್ದೂರು ತಾಲ್ಲೂಕಿನ ಗುಡಿಗೆರೆಯ ಎಚ್. ಗುರು ಅವರಲ್ಲೊಬ್ಬರು. ಎರಡು ದಿನಕ್ಕೆ, 16ರಂದು, ಪಾಕಿಸ್ತಾನದಿಂದ ಬರುವ ಎಲ್ಲ ಸರಕಿಗೂ 200 ಪರ್ಸೆಂಟ್ ಸುಂಕ ಹಾಕಿದೆವು. ವರ್ಷಕ್ಕೆ ಸುಮಾರು 49 ಕೋಟಿ ಡಾಲರ್ ಇದ್ದ ಆಮದು ಹೆಚ್ಚೂಕಡಿಮೆ ನಿಂತೇ ಹೋಯಿತು. ಸಿಮೆಂಟು, ಜಿಪ್ಸಂ, ಒಣ ಖರ್ಜೂರ, ಅಂದರೆ ನಾವು ಉತ್ತುತ್ತೆ ಅಂತೀವಲ್ಲ, ಅದು. ಆ ಸುಂಕ ಸರಿಯೇ ಅಂತ ಕೇಳಿದರೆ, ಸರಿ ಅಂತಲೇ ಹೇಳುತ್ತೇನೆ. ಅಲ್ಲಿ ರಕ್ತ ಹರಿದಿತ್ತು, ಎದುರಿಗಿದ್ದವರು ಯಾರು ಅಂತ ಗೊತ್ತಿತ್ತು.

ಆದರೆ ಅಲ್ಲೂ ಬಿಲ್ಲಿನ ಪ್ರಶ್ನೆ ಬಂತು. ಆ ದಿನ ಅಧಿಸೂಚನೆ ಇ-ಗೆಜೆಟ್‌ಗೆ ಏರಿದ್ದು ರಾತ್ರಿ 8 ಗಂಟೆ 46 ನಿಮಿಷ 58 ಸೆಕೆಂಡಿಗೆ. ಅದಕ್ಕೂ ಮುಂಚೆ ಅದೇ ದಿನ ಅಟಾರಿಯಲ್ಲಿ ಸರಕು ಬಂದು, ಕಾಗದಪತ್ರ ಸಲ್ಲಿಸಿ, ಹಳೇ ದರದಲ್ಲಿ ಲೆಕ್ಕ ಹಾಕಿಸಿಕೊಂಡಿದ್ದ ಭಾರತೀಯ ವ್ಯಾಪಾರಿಗಳಿಗೂ ಕಸ್ಟಮ್ಸ್‌ನವರು 200 ಕಟ್ಟಿ ಅಂದರು. ದಿನ ಒಂದೇ ಅಲ್ಲವೇ ಅನ್ನೋದು ಸರ್ಕಾರದ ವಾದ. 2020ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಗೆಜೆಟ್‌ಗೆ ಏರಿದ ಕ್ಷಣದಿಂದ ಮಾತ್ರ ಹೊಸ ದರ ಅಂದಿತು. ದೇಶದ ಭದ್ರತೆಯ ವಿಷಯದಲ್ಲೂ ಗಡಿಯಾರ ನೋಡುವ ಕೋರ್ಟು ನಮ್ಮಲ್ಲಿದೆ. ಇದನ್ನು ನಾವು ಪ್ರೈಮ್ ಟೈಮ್‌ನಲ್ಲಿ ಇನ್ನೂ ದೊಡ್ಡದಾಗಿ ತೋರಿಸಬೇಕಿತ್ತು ಅನ್ನೋದು ನನ್ನ ಅಭಿಪ್ರಾಯ.

ಈಗ ಮನೆ ಕಡೆ. ಕನ್ನಡಿಗರ ಕಬ್ಬಿಣಕ್ಕೂ ಅಮೆರಿಕದ ಸುಂಕಕ್ಕೂ ಇರುವ ನಂಟು ಹೆಚ್ಚೂಕಡಿಮೆ ನೂರು ವರ್ಷದ್ದು. ಮೊದಲನೇ ಮಹಾಯುದ್ಧದಲ್ಲಿ ಹೊರಗಿನ ಉಕ್ಕು ಸಿಗದೆ ಬೆಲೆ ಆಕಾಶಕ್ಕೇರಿದಾಗ ಮೈಸೂರು ಸರ್ಕಾರ ಭದ್ರಾವತಿಯ ಯೋಜನೆ ಕೈಗೆತ್ತಿಕೊಂಡಿತು. ಅಮೆರಿಕದ ಎಂಜಿನಿಯರ್ ಪೆರಿನ್ ವರದಿ ಕೊಟ್ಟರು. ಮಲೆನಾಡಿನ ಸೌದೆ ಸುಟ್ಟು ಇದ್ದಿಲು, ಆ ಇದ್ದಿಲಿನಿಂದ ಬೀಡು ಕಬ್ಬಿಣ. ಕುಲುಮೆ ಹೊತ್ತಿದ್ದು 1923ರ ಜನವರಿಯಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಬೆಲೆ ಬಿದ್ದುಹೋಗಿತ್ತು. ಸರ್ ಎಂವಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಬಂದು ಅದನ್ನು ಎತ್ತಿ ನಿಲ್ಲಿಸಬೇಕಾಯಿತು. ಆ ಕಬ್ಬಿಣ ಮಾರಾಟವಾಗುತ್ತಿದ್ದ ದೇಶಗಳಲ್ಲಿ ಅಮೆರಿಕವೂ ಒಂದು. 1927ರಲ್ಲಿ ಅಧ್ಯಕ್ಷ ಕೂಲಿಡ್ಜ್ ಬೀಡು ಕಬ್ಬಿಣದ ಸುಂಕವನ್ನು ಟನ್ನಿಗೆ 75 ಸೆಂಟಿನಿಂದ 1 ಡಾಲರ್ 12.5 ಸೆಂಟಿಗೆ ಏರಿಸಿದರು. ಅದೂ ಪೆಟ್ಟೇ. ಆದರೆ ಆಗಿನ ಕಾನೂನಿನಲ್ಲಿ ಒಂದು ಆಯೋಗ ಕೂತು, ಅವರಿಗೆ ತಯಾರಿಸೋಕೆ ಎಷ್ಟು, ನಮಗೆಷ್ಟು ಅಂತ ಲೆಕ್ಕ ಹಾಕಬೇಕಿತ್ತು. ಇದ್ದ ದರದ ಅರ್ಧಕ್ಕಿಂತ ಹೆಚ್ಚು ಏರಿಸುವಂತಿರಲಿಲ್ಲ. 75ರ ಮೇಲೆ ಅರ್ಧ ಕೂಡಿಸಿ ನೋಡಿ, ಸರಿಯಾಗಿ 112.5. ಲೆಕ್ಕವಿತ್ತು, ಗೆರೆ ಇತ್ತು.

ಸ್ವಾತಂತ್ರ್ಯ ಬಂದ ಮೇಲೆ ಗೋಡೆ ಕಟ್ಟುವ ಸರದಿ ನಮ್ಮದು. 1953ರಲ್ಲಿ ಜಾಲಹಳ್ಳಿಯಲ್ಲಿ ಸ್ವಿಟ್ಜರ್ಲೆಂಡಿನ ಅರ್ಲಿಕಾನ್ ನೆರವಿನಿಂದ ಎಚ್‌ಎಂಟಿ, ಮರುವರ್ಷ ಫ್ರೆಂಚರ ನೆರವಿನಿಂದ ಬಿಇಎಲ್. ಎರಡನ್ನೂ ಆಮದು ಸುಂಕದ ಎತ್ತರದ ಗೋಡೆಯೊಳಗೆ ಬೆಳೆಸಿದೆವು. ಬಿಇಎಲ್ ಇವತ್ತು ರಾಡಾರ್ ಮಾಡುತ್ತಿದೆ. ಎಚ್‌ಎಂಟಿ ಸುದ್ದಿಗೆ ಬರುವುದು ಈಗ ಜಮೀನು ಅರಣ್ಯ ಇಲಾಖೆಯದ್ದೋ ಕಾರ್ಖಾನೆಯದ್ದೋ ಅನ್ನೋ ಜಗಳಕ್ಕೆ. ಗೋಡೆ ಒಂದೇ, ಫಲ ಬೇರೆ. ಬಿಇಎಲ್‌ಗೆ ಸೇನೆ ಅನ್ನೋ ಗಿರಾಕಿ ಪ್ರತಿ ಸಲ ಹೊಸ ಪರೀಕ್ಷೆ ಇಡುತ್ತಿತ್ತು. ಎಚ್‌ಎಂಟಿಗೆ ಗೋಡೆಯೊಳಗೆ ಬಹಳ ಕಾಲ ಪರೀಕ್ಷೆಯೇ ಇರಲಿಲ್ಲ. ಗೋಡೆ ಬಿದ್ದ ದಿನ ಒಟ್ಟಿಗೇ ಬಂತು.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಯಲಹಂಕದ ಗಾಲಿ. ರೈಲಿನ ಗಾಲಿ ಮತ್ತು ಅಚ್ಚುಗಳಿಗೆ ವಿದೇಶಿಯರ ಕೈ ನೋಡುವುದು ಕಡಿಮೆಯಾಗಲಿ ಅಂತ 1984ರಲ್ಲಿ ಶುರುವಾದ ಕಾರ್ಖಾನೆ ಅದು. ಹಳೇ ರೈಲಿನ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಕೆಳಗಿನಿಂದ ಒತ್ತಡ ಕೊಟ್ಟು, ಗ್ರಾಫೈಟ್ ಅಚ್ಚಿನೊಳಗೆ ಎರಕ ಹೊಯ್ಯುತ್ತಾರೆ. ಆ ವಿದ್ಯೆ ಬಂದದ್ದು ಎಲ್ಲಿಂದ? ಅಮೆರಿಕದ ಗ್ರಿಫಿನ್ ಕಂಪನಿಯಿಂದ. ಅಂದರೆ ನಮ್ಮ ಸ್ವಾವಲಂಬನೆಯ ಗಾಲಿ ಉರುಳಿದ್ದು ಅವರ ಪಾಠದಿಂದ. ಅದರಲ್ಲಿ ನಾಚಿಕೆ ಏನಿಲ್ಲ.

ಎರಕದ ಗಾಲಿ ಎಲ್ಲಾ ರೈಲಿಗೂ ಆಗುವುದಿಲ್ಲ. ವಂದೇ ಭಾರತ್‌ಗೆ ಬೇಕಾದದ್ದು ಬಡಿದು ಮಾಡಿದ, ಫೋರ್ಜ್ಡ್ ಗಾಲಿ. ಅದಕ್ಕೆ ನಾವು 36,000 ಗಾಲಿಗಳ ಆರ್ಡರ್ ಕೊಟ್ಟಿದ್ದು ಉಕ್ರೇನಿಗೆ. 2022ರ ಫೆಬ್ರವರಿಯಲ್ಲಿ ಅಲ್ಲಿ ಯುದ್ಧ ಹತ್ತಿತು. 128 ಗಾಲಿಗಳನ್ನು ಲಾರಿಯಲ್ಲಿ ರೊಮೇನಿಯಾಕ್ಕೆ ತಂದು, ಅಲ್ಲಿಂದ ವಿಮಾನಕ್ಕೆ ಏರಿಸಿ ತರಿಸಿಕೊಳ್ಳಬೇಕಾಯಿತು. ರೈಲಿನ ಗಾಲಿ, ವಿಮಾನದಲ್ಲಿ! ಉಳಿದದ್ದಕ್ಕೆ? ಮೇ ತಿಂಗಳಲ್ಲಿ ಚೀನಾದ ಕಂಪನಿಗೆ 39,000 ಗಾಲಿಗಳ, 170 ಕೋಟಿ ರೂಪಾಯಿಯ ಆರ್ಡರ್ ಹೋಯಿತು. ಗಾಲ್ವಾನ್ ಆಗಿ ಆಗ ಎರಡೇ ವರ್ಷ. ಭದ್ರತೆಯ ಕೊರತೆ ಅಂದರೆ ನನ್ನ ಪ್ರಕಾರ ಇದು. ಇದಕ್ಕೆ ಸುಂಕ ಮದ್ದಲ್ಲ. ಆ ದಿನ ಗಾಲಿಗೆ ಎಷ್ಟು ಪರ್ಸೆಂಟ್ ಹಾಕಿದ್ದರೂ ದೇಶದೊಳಗೆ ಒಂದು ಗಾಲಿ ಹೆಚ್ಚಿಗೆ ಹುಟ್ಟುತ್ತಿರಲಿಲ್ಲ. ಕುಲುಮೆ ಬೇಕು, ಪ್ರೆಸ್ ಬೇಕು, ಹತ್ತು ವರ್ಷ ತಾಳ್ಮೆ ಬೇಕು.

ಅಮೆರಿಕದ ಸುಂಕ ಪೀಣ್ಯದ ಶೆಡ್ಡಿನೊಳಗೆ ಹೇಗೆ ಬರುತ್ತದೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. ನಾನು ಓದಿದ್ದು ಎಂಜಿನಿಯರಿಂಗ್ ಆದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುವ ಆಸೆ. ಒಂದು ಪಂಪಿನ ಭಾಗಕ್ಕೆ ಅಮೆರಿಕದ ಗಿರಾಕಿ ಡ್ರಾಯಿಂಗ್ ಕಳಿಸುತ್ತಾನೆ. ಮಾದರಿ ಮಾಡಬೇಕು, ಅಳತೆ ವರದಿ ಕೊಡಬೇಕು, ಲೋಹದ ಪರೀಕ್ಷೆ ಆಗಬೇಕು, ಒಪ್ಪಿಗೆ ಬರಬೇಕು. ತಿಂಗಳುಗಟ್ಟಲೆ ಕೆಲಸ. ಹಾಗಾಗಿ ಸುಂಕ ಬಂತು ಅಂತ ಗಿರಾಕಿ ನಾಳೆಯೇ ಬೇರೆಯವರ ಹತ್ತಿರ ಹೋಗಲಾರ, ನಾವೂ ಆ ಭಾಗವನ್ನು ಜರ್ಮನಿಗೆ ಮಾರಲಾರೆವು, ಅದು ಆ ಒಂದು ಪಂಪಿಗೇ ಕೂರುವಂಥದ್ದು. ಇಬ್ಬರೂ ಕಟ್ಟಿಹಾಕಿಕೊಂಡವರು. ಆಗ ಫೋನ್ ಬರುತ್ತದೆ: ಸುಂಕದಲ್ಲಿ ನಿಮ್ಮ ಪಾಲೆಷ್ಟು? ಹತ್ತು ಪರ್ಸೆಂಟ್ ಲಾಭದ ಮೇಲೆ ನಡೆಯುವ ಶೆಡ್ಡಿನವರು ಏನು ಹೇಳಬೇಕು? ಅವರ ಕೆಳಗೆ ಪ್ಲೇಟಿಂಗ್ ಮಾಡಿಕೊಡುವವರು, ಗ್ರೈಂಡಿಂಗ್‌ನವರು, ಬ್ಯಾಂಕಿನ ಕಂತು. ಕೊನೆಗೆ ಓವರ್‌ಟೈಮ್ ನಿಲ್ಲುವುದು ಲೇಥ್ ಮೇಲೆ ನಿಂತಿರುವ ಹುಡುಗನಿಗೆ.

2025ರ ಮೇ ತಿಂಗಳಲ್ಲಿ ಭಾರತ ವಿಶ್ವ ವ್ಯಾಪಾರ ಸಂಸ್ಥೆಗೆ ನೋಟಿಸ್ ಕೊಟ್ಟಿತು. ನಮ್ಮ 7.6 ಬಿಲಿಯನ್ ಡಾಲರ್ ಸರಕಿಗೆ ಪೆಟ್ಟಾಗಿದೆ, 1.91 ಬಿಲಿಯನ್ ಡಾಲರ್ ಸುಂಕ ನಾವೂ ಹಾಕುತ್ತೇವೆ ಅಂತ. ಇದು ಭದ್ರತೆ ಅಲ್ಲ, ನಿಮ್ಮ ಕೈಗಾರಿಕೆ ಕಾಯುವ ಸುಂಕ ಅಂತ ನಮ್ಮ ವಾದ. ಇಲ್ಲ, ಭದ್ರತೆಯೇ, ಚರ್ಚೆ ಇಲ್ಲ ಅಂತ ಅವರ ಉತ್ತರ. ಆಗಸ್ಟ್ 18ಕ್ಕೆ ಪಟ್ಟಿಗೆ ಇನ್ನೂ 407 ಬಗೆಯ ವಸ್ತುಗಳು ಸೇರಿದವು. 2025ರಲ್ಲಿ ಪಟ್ಟಿಯಲ್ಲಿದ್ದ ವಸ್ತುವಾದರೆ ಅದರೊಳಗಿನ ಉಕ್ಕಿನ ಬೆಲೆಗೆ ಭದ್ರತೆಯ 50, ಉಳಿದ ರಬ್ಬರು ಪ್ಲಾಸ್ಟಿಕ್ಕಿಗೆ ಆಗಸ್ಟ್ 27ರಿಂದ ಇನ್ನೊಂದು ಕಾನೂನಿನ 50 ಬೀಳುತ್ತಿತ್ತು. ಉಕ್ಕಿನ ಬೆಲೆ ಬಿಡಿಸಿ ಹೇಳೋಕೆ ಆಗದಿದ್ದರೆ ಇಡೀ ವಸ್ತುವಿಗೇ ಉಕ್ಕಿನ ದರ ಬೀಳುತ್ತಿತ್ತು.

ಕಸ್ಟಮ್ಸ್ ಕಾಗದದಲ್ಲಿ ಇನ್ನೊಂದು ಕಾಲಂ ಇದೆ: ಈ ಉಕ್ಕು ಕರಗಿದ್ದು ಯಾವ ದೇಶದಲ್ಲಿ? 2025ರಲ್ಲಿ ಅಮೆರಿಕದಲ್ಲಿ ಕರಗಿಸಿ ಎರಕ ಹೊಯ್ದ ಉಕ್ಕಿನಿಂದ ಮಾಡಿದ ವಸ್ತುವಾದರೆ ಆ ಭಾಗಕ್ಕೆ ಭದ್ರತೆಯ ಸುಂಕ ಇರಲಿಲ್ಲ. ಅಮೆರಿಕದ ಹಳೇ ಕಾರುಗಳು ಗುಜರಿಯಾಗಿ ನಮ್ಮ ಬಂದರುಗಳಿಗೆ ಹಡಗುಗಟ್ಟಲೆ ಬರುತ್ತವೆ. ಅದೇ ಗುಜರಿ ಇಲ್ಲಿನ ಕುಲುಮೆಯಲ್ಲಿ ಕರಗಿ, ಪೀಣ್ಯದಲ್ಲಿ ಬೋಲ್ಟಾಗಿ, ವಾಪಸ್ ಹೋದರೆ ಆ ಕಾಲಂನಲ್ಲಿ ಬರೆಯಬೇಕಾದದ್ದು 'ಭಾರತ'.